ಒಂದು ಸೇರು ಕಬ್ಬಿಣ

ನಮ್ಮ ಅಂಗಡಿಯಲ್ಲಿ ನಾಯಿಮರಿಗಳು ಕಚ್ಚುವ ಸಾಮಾನು ಮಾತ್ರ ಸಿಗುತ್ತದೆ. ಎಮ್ಮೆ ಕೊಂಬಿನ ತುಂಡು, ಲಾರಿ ಟೈರಿನಿಂದ ಕೊಯ್ದ ಬಳೆ, ಬೇವಿನ ಕಟ್ಟಿಗೆ, ಜಾಲಿ ಬೇರಿನ ಗಂಟು, ನಾರಿನ ಹಗ್ಗ. ಪಕ್ಕದ ಡಬ್ಬಿಗಳಲ್ಲಿ ಮರಿಗಳ ತಿನಿಸು. ಬೇರೆ ಊರಿನಲ್ಲಿ ಇಂಥ ಅಂಗಡಿ ಇಟ್ಟವರು ಒಂದು ತಿಂಗಳಲ್ಲಿ ಬಾಗಿಲು ಹಾಕುತ್ತಾರೆ. ನಮ್ಮದು ನಾಲ್ಕು ತಲೆಮಾರಿನಿಂದ ನಡೆದಿದೆ, ಏಕೆಂದರೆ ಇಲ್ಲಿ ನಾಯಿ ಬದುಕುವುದು ಅದರ ಬಾಳಿಕೆ ಉಳಿದಿರುವಷ್ಟು ದಿನ.

ಮರಿ ಮೊದಲು ಕಚ್ಚಿ, ಬಿಟ್ಟು ಹೋಗಿ, ತಾನಾಗಿ ತಿರುಗಿ ಬಂದು ಮತ್ತೆ ಕಚ್ಚಿದ ವಸ್ತುವಿಗೆ ನಾವು ಬಾಳಿಕೆ ಎನ್ನುತ್ತೇವೆ. ತಿಂದು ಮುಗಿಸಿದ್ದು ಲೆಕ್ಕಕ್ಕಿಲ್ಲ. ಒಮ್ಮೆ ಕಚ್ಚಿ ಮರೆತದ್ದೂ ಇಲ್ಲ. ತಿರುಗಿ ಬಂದು ಕಚ್ಚಿತೆಂದರೆ ಆ ನಾಯಿಗೆ ಜನ್ಮಪೂರ್ತಿ ಅದೇ. ದಿನಾ ಅಷ್ಟಿಷ್ಟು ಕಡಿಯುತ್ತದೆ, ಸವೆಸುತ್ತದೆ. ಬಾಯಲ್ಲಿ ಹಿಡಿಯಲು ಏನೂ ಉಳಿಯದ ದಿನ ನಾಯಿಯೂ ಉಳಿಯುವುದಿಲ್ಲ. ಕೊಂಬಾದರೆ ಹದಿನಾಲ್ಕು ವರ್ಷ, ಟೈರಾದರೆ ಹತ್ತು, ಬೇವಾದರೆ ಎಂಟು. ಹಳೆಯ ಚಪ್ಪಲಿ ಕಚ್ಚಿದ ನಾಯಿಗಳು ಎರಡು ಮಳೆಗಾಲ ಕಂಡರೆ ಹೆಚ್ಚು. ಬಾಳಿಕೆಯನ್ನು ಕಪಾಟಿನಲ್ಲಿ ಬೀಗ ಹಾಕಿಟ್ಟವರೂ ಇದ್ದಾರೆ. ನಾಯಿ ಅನ್ನ ಬಿಟ್ಟು ಕಪಾಟಿನ ಮುಂದೆ ಮಲಗುತ್ತದೆ. ಮೂರನೆಯ ದಿನ ಅವರೇ ಬೀಗ ತೆಗೆಯುತ್ತಾರೆ.

ಅಂಗಡಿ ನನ್ನ ಸೋದರತ್ತೆ ತುಂಗವ್ವನದು. ಕಾಲೇಜು ಮುಗಿಸಿ ಹಾಸ್ಟೆಲಿನಿಂದ ಪೆಟ್ಟಿಗೆ ಹೊತ್ತುಕೊಂಡು ಬಂದ ದಿನವೇ ಅವಳು ನನ್ನನ್ನು ಗಲ್ಲೆಯ ಹಿಂದೆ ಕೂರಿಸಿದಳು. ಮೊದಲು ಕಲಿಸಿದ್ದು ತಿನಿಸು. ಮರಿಯ ತಿನಿಸು ಮೆತ್ತಗಿರಬೇಕು, ಒಂದೇ ಸಲಕ್ಕೆ ನುಂಗುವಷ್ಟು ಇರಬೇಕು. ಹಿಂದೆ ಒಬ್ಬ ಮಾಸ್ತರರು ಹಲ್ಲು ಗಟ್ಟಿಯಾಗಲಿ ಎಂದು ಮರಿಗೆ ಒಣಗಿಸಿದ ಕಟಕ ರೊಟ್ಟಿ ಕೊಟ್ಟರು. ಅದು ಅರ್ಧ ಕಡಿದು, ನೀರು ಕುಡಿದು ಬಂದು, ಮತ್ತೆ ಕಚ್ಚಿತು. ಮಾಸ್ತರರು ಉಳಿದ ಅರ್ಧ ರೊಟ್ಟಿಯನ್ನು ಅರಿವೆಯಲ್ಲಿ ಹೊಲಿದು ಕೊಟ್ಟರು. ಹತ್ತೊಂಬತ್ತು ದಿನ ಬಂತು. ಅಂದಿನಿಂದ ನಮ್ಮೂರಿನಲ್ಲಿ ಮರಿಯಿರುವ ಮನೆಯವರು ರೊಟ್ಟಿಯನ್ನು ಹಾಲಿನಲ್ಲಿ ನೆನೆಸದೆ ಹಾಕುವುದಿಲ್ಲ. ಅತ್ತೆ ಜೋಳದ ಹಿಟ್ಟಿಗೆ ಕುರಿಮೂಳೆಯ ಸಾರು ಹಾಕಿ ಕುದಿಸಿ ಲಿಂಬೆಹಣ್ಣಿಗಿಂತ ಸಣ್ಣ ಉಂಡೆ ಕಟ್ಟುತ್ತಾಳೆ. ಇದಲ್ಲದೆ ಒಂದು ಲೇಪ ಇದೆ. ಒಣಮೀನು, ಬೆಲ್ಲ, ಮೂಳೆಯೊಳಗಿನ ನೆಣ, ಮೂರನ್ನೂ ಅರ್ಧ ದಿನ ಕಾಸಬೇಕು. ಮರಿಗಳಿಗೆ ಮೆತ್ತಗಿರುವುದೇ ಇಷ್ಟ, ಮಾಲೀಕರಿಗೆ ಗಟ್ಟಿಯಾದದ್ದೇ ಬೇಕು. ಆ ಲೇಪ ಸವರಿದರೆ ಮರಿ ಕೊಂಬನ್ನೂ ಬೆಣ್ಣೆ ಎಂದುಕೊಂಡು ತಿರುಗಿ ಬಂದು ಕಚ್ಚುತ್ತದೆ. ಲೇಪ ಮಾಡಲು ಬರುವುದು ಊರಿನಲ್ಲಿ ಇಬ್ಬರಿಗೆ, ಅತ್ತೆಗೆ ಮತ್ತು ನನಗೆ.

ಸಾಮಾನು ಕೊಡುವ ಮೊದಲು ಅತ್ತೆ ಗಿರಾಕಿಯ ವಯಸ್ಸು ಕೇಳುತ್ತಾಳೆ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವರು ಯಾರು ಎಂದು ಕೇಳುತ್ತಾಳೆ. ಬೆರಳಲ್ಲಿ ಲೆಕ್ಕ ಹಾಕಿ, ಟೈರೋ ಬೇವೋ ತಾನೇ ಆರಿಸಿ ಮುಂದಿಡುತ್ತಾಳೆ. ಗಿರಾಕಿಗಳು ಜಗಳವಾಡುತ್ತಾರೆ, ಸೋಲುತ್ತಾರೆ. ಲೋಹ ಮತ್ತು ಕಲ್ಲು ಮಾತ್ರ ಯಾರಿಗೂ ಇಲ್ಲ.

"ಕಬ್ಬಿಣ ಯಾಕ ಮಾರಂಗಿಲ್ಲ ಅತ್ತಿ? ಗಿರಾಕಿ ಬಾಯಿಬಿಟ್ಟ ಕೇಳ್ತಾರ" ಎಂದು ನಾನು ಎಷ್ಟೋ ಸಲ ಕೇಳಿದ್ದೆ.

"ಸಂಜಿಮುಂದ ಹೋಗಿ ಸೇರವ್ವನ್ನ ನೋಡಿ ಬಾ" ಎನ್ನುತ್ತಿದ್ದಳು.

"ಹುಟ್ಟಿದಾಗಿಂದ ನೋಡೇನಿ."

"ಇಲ್ಲ. ನೋಡಿಲ್ಲ ನೀ" ಎಂದು ಹಿಟ್ಟು ನಾದಲು ಹೋಗುತ್ತಿದ್ದಳು.

ಸೇರವ್ವ ನಮ್ಮೂರಿನ ಕಬ್ಬಿಣದ ನಾಯಿ. ಇರುವುದು ಅದೊಂದೇ. ಅದರ ಬಾಳಿಕೆ ಒಂದು ಸೇರಿನ ಕಬ್ಬಿಣದ ತೂಕದ ಕಲ್ಲು, ಮೇಲೆ ಹಿಡಿಯಲು ಬಳೆಯಿರುವಂಥದು. ಅಂಚೆ ಕಚೇರಿ ಕಟ್ಟುವಾಗಲೇ ಆ ನಾಯಿ ಅಲ್ಲಿತ್ತು, ನೂರೈವತ್ತು ವರ್ಷಕ್ಕೆ ಕಡಿಮೆ ಇಲ್ಲ. ಕಚೇರಿಯ ಹಿಂಗೋಡೆಯ ಬುಡದಲ್ಲಿ ಯಾವುದೋ ಹಳೆಯ ಮನೆಯ ಹೊಸ್ತಿಲ ಕಲ್ಲು ಉಳಿದಿದೆ. ಸೇರವ್ವ ದಿನಾ ನಾಲ್ಕು ಗಂಟೆಗೆ ಕಲ್ಲನ್ನು ಕಚ್ಚಿಕೊಂಡು ಅಲ್ಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂರುತ್ತದೆ. ಆಮೇಲೆ ಒಂದು ತಾಸು ಗರ್, ಗರ್ ಎಂಬ ಸದ್ದು. ಯಜಮಾನ ಮನೆಗೆ ಬರುತ್ತಿದ್ದ ಹೊತ್ತು ಅದು, ಅವನ ಬಾಗಿಲು ಬಡಿಯುತ್ತಾಳೆ ಎಂದು ಊರಿನವರ ಮಾತು. ಹೊಸದಾಗಿ ಮದುವೆಯಾದವರು ಬಂದು ಹತ್ತು ಮಾರು ದೂರದಲ್ಲಿ ನಿಂತು ಕೈಮುಗಿಯುತ್ತಾರೆ. ಅದಕ್ಕಿಂತ ಹತ್ತಿರ ಯಾರೂ ಹೋಗುವುದಿಲ್ಲ. ಶಾಲೆ ಬಿಡುವುದು, ಚಹಾಕ್ಕೆ ನೀರಿಡುವುದು ಎಲ್ಲಾ ಆ ಸದ್ದಿನ ಮೇಲೆ. ನಾನೂ ಅದನ್ನು ಕೇಳುತ್ತಲೇ ಬೆಳೆದವಳು. ನಿಷ್ಠೆ, ಪ್ರೀತಿ ಎಂದು ಜನ ಮೂಗು ಒರೆಸಿಕೊಂಡರೆ ನನಗೆ ನಗು ಬರುತ್ತಿತ್ತು. ಗಟ್ಟಿ ಸಾಮಾನು, ಬಹಳ ದಿನ ಬಂದಿದೆ, ಅಷ್ಟೇ ಎಂದು ತಿಳಿದಿದ್ದೆ.

ಅತ್ತೆ ಕಣ್ಣಿನ ಪೊರೆ ತೆಗೆಸಲು ತಂಗಿಯ ಊರಿಗೆ ಹೋಗಿದ್ದ ವಾರ ಬಸ್ ಕಂಡಕ್ಟರ್ ಯಮನೂರಪ್ಪ ಬಂದ. ಡ್ಯೂಟಿ ಮುಗಿಸಿ ನೇರ ಬಂದಿದ್ದ, ಹೆಗಲಿನಲ್ಲಿ ಚರ್ಮದ ಚೀಲ ಹಾಗೇ ಇತ್ತು. ಜೊತೆಗೆ ಹತ್ತು ವರ್ಷದ ಮಗಳು ಚಂದ್ರಿ. ಅವಳ ಲಂಗದ ಮಡಿಲಲ್ಲಿ ಕಂದು ಬಣ್ಣದ ಮರಿ. ಅದು ಇನ್ನೂ ಏನನ್ನೂ ತಿರುಗಿ ಬಂದು ಕಚ್ಚಿರಲಿಲ್ಲ.

"ಕಬ್ಬಿಣದ್ದು ಐತೇನ ತಂಗಿ?" ಎಂದ.

"ಕೊಂಬ ಐತ್ರಿ ಅಣ್ಣಾರ. ಹದಿನಾಲ್ಕ ವರ್ಷ ಬರತೈತಿ."

"ಕೊಂಬ ಬ್ಯಾಡ. ನಮ್ಮ ಹುಡುಗಿ ಕಣ್ಣೀರ ನೋಡಾಕ ಆಗೂದಿಲ್ಲ ನನಗ. ಹ್ವಾದ ನಾಯಿ ಹನ್ನೊಂದ ತಿಂಗಳಕ್ಕ ಹೋತು. ಮೂರ ದಿನ ಉಂಡಿಲ್ಲ ಇಕಿ."

"ನಾ ಉಂಡೇನ್ರಿ" ಎಂದಳು ಚಂದ್ರಿ. "ಅಪ್ಪ ಉಂಡಿಲ್ಲ."

"ನೀ ಸುಮ್ನಿರು."

"ಅಳಾಂವಾನೂ ಅವನ ರಿ. ಬಚ್ಚಲದಾಗ ಹೋಗಿ ಅಳ್ತಾನ."

ಯಮನೂರಪ್ಪ ಡಬ್ಬಿಗಳ ಕಡೆ ನೋಡಿದ. ಆಮೇಲೆ ಹೇಳಿದ. ಮಣ್ಣೆತ್ತಿನ ಅಮಾವಾಸ್ಯೆಗೆ ಅವನೇ ಕೆರೆಯ ಮಣ್ಣು ತಂದು ಎತ್ತು ಮಾಡಿದ್ದ. ಪೂಜೆಯಾದ ಮೇಲೆ ನೆಲದ ಮೇಲಿಟ್ಟಿದ್ದ. ಆಗಿನ ಮರಿ ಬಂದು ಒಂದರ ಬೆನ್ನು ಕಚ್ಚಿತು, ಅಂಗಳಕ್ಕೆ ಹೋಗಿ ಬಂತು, ಅದನ್ನೇ ಕಚ್ಚಿತು. ಸುಡದ ಮಣ್ಣು. ಹನ್ನೊಂದು ತಿಂಗಳು ಅವನು ಆ ಎತ್ತನ್ನು ಅಂಗೈಯಲ್ಲಿ ಹಿಡಿದು ನಾಯಿಗೆ ದಿನಾ ಎರಡೇ ಸಲ ನೆಕ್ಕಿಸುತ್ತಿದ್ದ. ಡ್ಯೂಟಿಗೆ ಹೋಗುವಾಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಡುತ್ತಿದ್ದ. ಒಂದು ದಿನ ಬಸ್ಸು ಕೆಟ್ಟು ಬರುವುದು ತಡವಾಯಿತು. ದೊಡ್ಡ ಮಳೆ. ಮಾಡು ಸೋರಿ ಗೂಡು ತುಂಬಿತ್ತು. ಪ್ಲಾಸ್ಟಿಕ್ಕಿನೊಳಗೆ ಕೆಸರು, ಗೂಡಿನ ಕೆಳಗೆ ನಾಯಿ.

"ಈ ಸಲ ನಾ ತಪ್ಪ ಮಾಡಂಗಿಲ್ಲ" ಎಂದ. "ಇದು ನನ್ನ ಕಣ್ಣಮುಂದ ಸಾಯಬಾರ್ದು."

ಅತ್ತೆ ಇದ್ದಿದ್ದರೆ ವಯಸ್ಸು ಕೇಳುತ್ತಿದ್ದಳು. ನಾನು ಕೇಳಲಿಲ್ಲ. ಬೇಕೆಂದವನಿಗೆ ಬೇಕಾದದ್ದು ಕೊಡುವುದೇ ಅಂಗಡಿ ಎಂದು ನನ್ನ ವಾದ. ಒಳಗೆ ಹೋಗಿ ಅತ್ತೆಯ ಮಂಚದ ಕೆಳಗಿನ ಪೆಟ್ಟಿಗೆ ಎಳೆದೆ. ಮುತ್ತಜ್ಜ ಕಾಳಿನ ವ್ಯಾಪಾರವನ್ನೂ ಮಾಡುತ್ತಿದ್ದ ಕಾಲದ ತೂಕದ ಕಲ್ಲುಗಳು ಅದರಲ್ಲಿದ್ದವು. ಪ್ರತಿಯೊಂದು ತೂಕಕ್ಕೂ ಎರಡೆರಡು ಕಲ್ಲು. ಒಂದು ಸೇರಿನದು ಮಾತ್ರ ಒಂದೇ ಇತ್ತು. ಅದನ್ನೇ ತಂದು ಗಲ್ಲೆಯ ಮೇಲಿಟ್ಟೆ.

ಯಮನೂರಪ್ಪ ಎತ್ತಿ ನೋಡಿದ. "ಇದು ಸವಿಯಂಗಿಲ್ಲೇನು?"

"ಕಬ್ಬಿಣರೀ ಅಣ್ಣಾರ ಇದು."

"ಬಸ್ಸಿನ ಮೆಟ್ಟಲಾನೂ ಕಬ್ಬಿಣದ್ದ. ಜನ ಹತ್ತಿ ಇಳದು ಬ್ಲೇಡ್ ಆಗ್ಯಾವು. ದಿನಾ ನೋಡಾಂವ ನಾ. ನನಗ ಹೇಳಬ್ಯಾಡ."

"ಸೇರವ್ವಂದು ನೋಡ್ರಿ. ನೂರೈವತ್ತ ವರ್ಷದಾಗ ಏನಾಗೇತಿ?"

"ಏನೂ ಆಗಿಲ್ಲ ಅಂತ ಯಾರು ತೂಗ್ಯಾರ?"

ಯಾರೂ ತೂಗಿರಲಿಲ್ಲ. ನನಗೆ ಹಟ ಬಂತು. ಕೈತಕ್ಕಡಿ ತೆಗೆದುಕೊಂಡೆ, ಕಲ್ಲನ್ನು ಕೈಚೀಲಕ್ಕೆ ಹಾಕಿದೆ. ಮರಿ ಕುಂಯ್‌ಗುಡದಿರಲೆಂದು ಚಂದ್ರಿಯ ಮಡಿಲಿಗೆ ಎರಡು ಹಿಡಿ ತಿನಿಸಿನ ಉಂಡೆ ಸುರಿದೆ. ಅಂಗಡಿಗೆ ಬೀಗ ಹಾಕಿ ಮೂವರೂ ಅಂಚೆ ಕಚೇರಿಯ ಹಿಂದಕ್ಕೆ ಹೋದೆವು. ನಾಲ್ಕು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು.

ಸೇರವ್ವ ಗೋಡೆಯ ನೆರಳಿನಲ್ಲಿ ಕಲ್ಲನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು ಮಲಗಿತ್ತು. ನಾನು ಹತ್ತು ಮಾರಿನ ಗೆರೆ ದಾಟಿದೆ. ಚಂದ್ರಿ ಹಿಂದೆಯೇ ಬಂದಳು. ಯಮನೂರಪ್ಪ ಚಪ್ಪಲಿ ಬಿಟ್ಟು ಬಂದ. ಹತ್ತಿರದಿಂದ ಅದು ಸಣ್ಣ ನಾಯಿ. ಮೈಯಲ್ಲಿ ಕೂದಲು ಕಡಿಮೆ, ಬಾಯಲ್ಲಿ ಹಲ್ಲು ಒಂದೂ ಇಲ್ಲ, ಕಪ್ಪು ವಸಡು ಮಾತ್ರ. ನಾನು ಕೈಚಾಚಿದಾಗ ಗುರುಗುಟ್ಟುತ್ತದೆ ಎಂದುಕೊಂಡೆ. ಅದು ಕಾಲು ಹಿಂದಕ್ಕೆಳೆದು ಕಲ್ಲನ್ನು ಬಿಟ್ಟುಕೊಟ್ಟಿತು. ತಕ್ಕಡಿಯನ್ನೇ ನೋಡುತ್ತಿತ್ತು.

ಒಂದು ತಟ್ಟೆಗೆ ನಮ್ಮ ಕಲ್ಲು, ಇನ್ನೊಂದಕ್ಕೆ ಸೇರವ್ವನದು. ನಮ್ಮ ತಟ್ಟೆ ಕೆಳಗೆ ಬಿತ್ತು. ಸೇರವ್ವನ ತಟ್ಟೆ ನನ್ನ ಗಲ್ಲದವರೆಗೆ ಎದ್ದಿತು. ನಾನು ಚಂದ್ರಿಯ ಮಡಿಲಿನಿಂದ ಒಂದೊಂದೇ ಉಂಡೆ ತೆಗೆದು ಮೇಲಿನ ತಟ್ಟೆಗೆ ಹಾಕತೊಡಗಿದೆ. ನಾಲ್ಕಕ್ಕೆ ಅಲುಗಾಡಲಿಲ್ಲ. ಎಂಟಕ್ಕೆ ಸ್ವಲ್ಪ ಇಳಿಯಿತು. ಹನ್ನೆರಡು ಹಾಕಿದಾಗ ಮುಳ್ಳು ನೆಟ್ಟಗಾಯಿತು. ಹನ್ನೆರಡು ಉಂಡೆ ಎಂದರೆ ಕಾಲು ಸೇರು.

"ನೆಕ್ಕಿ ನೆಕ್ಕಿ ಸವದಿರಬೇಕು" ಎಂದ ಯಮನೂರಪ್ಪ.

ನಾನೂ ಹಾಗೇ ಅಂದುಕೊಂಡು ಕಲ್ಲನ್ನು ತಿರುಗಿಸಿದೆ. ಮೇಲಿನ ಬಳೆ, ಭುಜ ಎಲ್ಲಾ ಹಾಗೇ ಇದ್ದವು. ಸವೆದಿದ್ದದ್ದು ಒಂದೇ ಮಗ್ಗುಲು. ಅದು ಚಪ್ಪಟೆಯಾಗಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾಲಗೆ ಹೀಗೆ ಸವೆಸುವುದಿಲ್ಲ. ತಳದಲ್ಲಿ ಎರಡು ಗೀಟು, ಒಂದು ಚುಕ್ಕೆ. ನಾನು ತಂದ ಕಲ್ಲನ್ನು ತಿರುಗಿಸಿ ನೋಡಿದೆ. ಎರಡು ಗೀಟು, ಒಂದು ಚುಕ್ಕೆ. ನಮ್ಮ ಅಂಗಡಿಯ ಬಾಗಿಲ ಚೌಕಟ್ಟಿನ ಮೇಲೂ ಮುತ್ತಜ್ಜ ಕೆತ್ತಿಸಿದ ಅದೇ ಗುರುತು ಇದೆ.

ಆಗ ನಾಲ್ಕು ಗಂಟೆಯಾಗಿರಬೇಕು. ಸೇರವ್ವ ಎದ್ದು ಬಂದು ತಕ್ಕಡಿಯಿಂದ ತನ್ನ ಕಲ್ಲನ್ನು ಬಳೆ ಹಿಡಿದು ಎತ್ತಿತು. ಉಂಡೆಗಳು ನೆಲಕ್ಕೆ ಉರುಳಿದವು, ಅದು ತಿರುಗಿ ನೋಡಲಿಲ್ಲ. ಗೋಡೆಯ ಬುಡಕ್ಕೆ ಹೋಗಿ ಕೂತಿತು. ಹತ್ತು ಮಾರು ದೂರದಿಂದ ಕಾಣುವುದು ಬೆನ್ನು ಮಾತ್ರ. ನಾನು ಪಕ್ಕಕ್ಕೆ ಹೋಗಿ ಮೊಣಕಾಲೂರಿ ನೋಡಿದೆ.

ಹೊಸ್ತಿಲ ಕಲ್ಲಿನಲ್ಲಿ ಒಂದು ಕಾಲುವೆ ಇತ್ತು. ಗಟ್ಟಿ ಕರಿಕಲ್ಲಿನಲ್ಲಿ ನನ್ನ ಅಂಗೈವರೆಗೆ ಇಳಿಯುವಷ್ಟು ಆಳ, ಒರೆಸಿಟ್ಟ ಬಟ್ಟಲಿನಷ್ಟು ನುಣುಪು, ತಳದಲ್ಲಿ ಕೆಂಪು ಕಬ್ಬಿಣದ ಪುಡಿ. ಸೇರವ್ವ ತನ್ನ ತೂಕದ ಕಲ್ಲಿನ ಚಪ್ಪಟೆ ಮಗ್ಗುಲನ್ನು ಸರಿಯಾಗಿ ಅದರೊಳಗೆ ಕೂರಿಸಿತು. ಬಳೆಯನ್ನು ವಸಡಿನಲ್ಲಿ ಹಿಡಿದು, ಎರಡೂ ಮುಂಗಾಲು ಮೇಲಿಟ್ಟು, ಮೈಯ ಭಾರ ಪೂರ್ತಿ ಹಾಕಿ ಮುಂದಕ್ಕೆ ತಳ್ಳಿತು. ಹಿಂದಕ್ಕೆ ಎಳೆಯಿತು. ಗರ್, ಗರ್.

ಹುಟ್ಟಿದಾಗಿನಿಂದ ಕೇಳಿದ ಸದ್ದು. ಅದರ ಮೇಲೆ ಶಾಲೆಯಿಂದ ಮನೆಗೆ ಬಂದಿದ್ದೇನೆ, ಚಹಾ ಕುಡಿದಿದ್ದೇನೆ. ಅದು ಬಾಗಿಲು ಬಡಿಯುವ ಸದ್ದಾಗಿರಲಿಲ್ಲ. ಒಂದು ನಾಯಿ ತನ್ನ ಆಯುಷ್ಯವನ್ನು ಕಲ್ಲಿಗೆ ಉಜ್ಜುತ್ತಿತ್ತು. ಹಲ್ಲಿರುವಾಗ ಕಡಿದು ನೋಡಿರಬೇಕು. ಹಲ್ಲು ಸವೆದವು, ಕಬ್ಬಿಣ ಸವೆಯಲಿಲ್ಲ. ಆಮೇಲೆ ಒಂದು ದಿನ ಕಬ್ಬಿಣಕ್ಕಿಂತ ಗಟ್ಟಿಯಾದದ್ದು ಏನು ಎಂದು ತಾನೇ ಹುಡುಕಿಕೊಂಡಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಮಳೆಗೆ ನಿಲ್ಲಿಸಿರಲಿಲ್ಲ, ಜಾತ್ರೆಯ ಜನಕ್ಕೆ ನಿಲ್ಲಿಸಿರಲಿಲ್ಲ. ದುಃಖ ಇದ್ದ ಹಾಗೂ ಕಾಣಲಿಲ್ಲ. ಗಾಣದವನು ಗಾಣದ ಹತ್ತಿರ ಹೋಗುವ ಹಾಗೆ ಹೋಗಿತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕಾಲು ಸೇರಿಗೆ ನೂರೈವತ್ತು ವರ್ಷ. ಉಳಿದದ್ದು ಮುಕ್ಕಾಲು. ಇನ್ನೂ ನಾನೂರೈವತ್ತು ವರ್ಷ. ದೇವರ ಗುಡಿಯಲ್ಲೂ ಬಗ್ಗದ ತಲೆ ನನ್ನದು. ಅಲ್ಲಿ ತಾನಾಗಿ ಬಗ್ಗಿತ್ತು.

"ಅಕಿ ಯಾರನ್ನೂ ಕರ್ಯಾಕತ್ತಿಲ್ಲಲ್ರೀ ಅಕ್ಕಾರ?" ಎಂದು ಚಂದ್ರಿ ಕೇಳಿದಳು.

"ಇಲ್ಲ."

"ಮುಗಸಾಕತ್ತಾಳ."

"ಹೌದು."

ಯಮನೂರಪ್ಪ ನೆಲದ ಮೇಲೆ ಕೂತುಬಿಟ್ಟ. ಹೆಗಲಿನ ಚೀಲ ಜಾರಿ ಪಕ್ಕಕ್ಕೆ ಬಿತ್ತು. ಬಹಳ ಹೊತ್ತು ಆ ನಾಯಿಯ ಕಾಲುಗಳನ್ನೇ ನೋಡಿದ. ಆಮೇಲೆ, "ಇದಕ್ಕ ಕಬ್ಬಿಣ ಕೊಟ್ಟಾಂವಾನೂ ನನ್ನಂಗ ಅತ್ತಿರಬೇಕು" ಎಂದ. "ನನ್ನ ಕಣ್ಣಮುಂದ ಸಾಯಬಾರ್ದು ಅಂದಿರಬೇಕು. ಅವನ ಕಣ್ಣು ಮುಚ್ಚಿ ಎಷ್ಟ ವರ್ಷಾತು?"

ಕೊಟ್ಟವನು ಯಾರೋ ಇರಲಿ, ಮಾರಿದವರು ಯಾರು ಎಂದು ನನಗೆ ಗೊತ್ತಿತ್ತು. ಲೇಪ ಸವರಿ ಕಚ್ಚಿಸಿದವರೂ ಅವರೇ.

ಚಂದ್ರಿಯ ಮಡಿಲಿನಿಂದ ಮರಿ ಇಳಿದಿತ್ತು. ಬಿದ್ದ ಉಂಡೆಗಳಲ್ಲಿ ಎರಡು ನುಂಗಿ, ಯಮನೂರಪ್ಪನ ಚೀಲದ ಪಟ್ಟಿಗೆ ಹಲ್ಲು ಹಾಕಿತು. ಚಂದ್ರಿ ಎಳೆದುಕೊಳ್ಳಲು ಬಗ್ಗಿದಳು. ಅಷ್ಟರಲ್ಲಿ ಅದೇ ಬಿಟ್ಟು ಮೂರನೆಯ ಉಂಡೆಯ ಹಿಂದೆ ಓಡಿತು. ಒಂದು ಸಲ ಕಚ್ಚಿಯಾಗಿತ್ತು. ತಿರುಗಿ ಬಂದರೆ ಮುಗಿಯಿತು. ಚೀಲ ತೆಗೆದುಬಿಡಲು ಅವನಿಗೆ ಸಮಯವಿತ್ತು.

"ತಂಗಿ" ಎಂದ ಯಮನೂರಪ್ಪ, ಚೀಲದ ಮೇಲೆ ಕೈಯಿಟ್ಟು. "ಇದು ಎಷ್ಟ ವರ್ಷ ಬರತೈತಿ? ಖರೇ ಹೇಳು."

ನಾನು ಪಟ್ಟಿಯನ್ನು ಮಡಚಿ ನೋಡಿದೆ, ಹೊಲಿಗೆಯ ಮೇಲೆ ಉಗುರು ಎಳೆದೆ. "ಎಮ್ಮಿ ಚರ್ಮರಿ. ಎರಡೆಳಿ ಹೊಲಿಗಿ. ಹನ್ನೆರಡ ವರ್ಷಕ್ಕ ಮೋಸಿಲ್ಲ. ವಾರಕ್ಕೊಮ್ಮಿ ಎಣ್ಣಿ ಹಚ್ಚಿದ್ರ ಹದಿನಾಲ್ಕು." ಆಮೇಲೆ ಅತ್ತೆಯ ಹಾಗೆ ಕೇಳಿದೆ. "ನಿಮಗೆಷ್ಟ ವಯಸ್ಸು ಅಣ್ಣಾರ?"

"ನಲವತ್ತೈದು. ಇಕಿಗೆ ಹತ್ತು."

"ಅದು ಹೋಗೂ ಹೊತ್ತಿಗೆ ನೀವು ಇರ್ತೀರಿ. ಮಣ್ಣು ಮಾಡಾಕ ನಿಮ್ಮ ಕೈಯಾಗ ಕಸುವೂ ಇರತೈತಿ."

"ಅಳಾಕೂ ಇರತೈತಿ" ಎಂದಳು ಚಂದ್ರಿ.

ಯಮನೂರಪ್ಪ ಚೀಲದಿಂದ ಚಿಲ್ಲರೆ ಮತ್ತು ಟಿಕೆಟ್ ಪುಸ್ತಕ ತೆಗೆದು ಅಂಗಿಯ ಕಿಸೆಗೆ ತುಂಬಿಕೊಂಡ. ಖಾಲಿ ಚೀಲವನ್ನು ನೆಲದ ಮೇಲೆ ಬಿಡಿಸಿಟ್ಟು ಕೈ ತೆಗೆದ. ಮರಿ ಮೂತಿ ನೆಕ್ಕಿಕೊಳ್ಳುತ್ತಾ ಬಂತು. ನೇರವಾಗಿ ಬರಲಿಲ್ಲ. ಸೇರವ್ವನ ಬಾಲ ಮೂಸಿತು, ಬಿಟ್ಟ ಚಪ್ಪಲಿಗಳ ಹತ್ತಿರ ನಿಂತಿತು. ಆಮೇಲೆ ಚೀಲಕ್ಕೆ ಬಂದು, ಅದೇ ಪಟ್ಟಿಯನ್ನು, ಅದೇ ಜಾಗದಲ್ಲಿ ಕಚ್ಚಿತು.

"ಡಿಪೋದಾಗ ಏನ ಹೇಳ್ತಿ ಅಪ್ಪ?"

"ನಾಯಿ ಕಚ್ಚೇತಿ ಅಂತೀನಿ" ಎಂದ. ಅವನು ಅಳುತ್ತಿದ್ದ, ಬಚ್ಚಲಿಗೆ ಹೋಗದೆ.

ಮರುದಿನ ಮೂರೂವರೆಗೆ ನಾನು ಅಂಗಡಿ ಮುಚ್ಚಿದೆ. ಕೊಂಬಿನ ಅಂಚು ಉಜ್ಜುವ ಉಕ್ಕಿನ ಅರವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ದೂರದಲ್ಲಿ ಯಾರೋ ಹೊಸ ಜೋಡಿ ಕೈಮುಗಿದು ನಿಂತಿದ್ದರು. ಅವರನ್ನು ದಾಟಿ ಹೋಗಿ ಸೇರವ್ವನ ಪಕ್ಕ ಕೂತೆ. ಅರವನ್ನು ಮೂಸಿ ನೋಡಲು ಕೊಟ್ಟೆ. ಕಲ್ಲನ್ನು ತೊಡೆಯ ಮೇಲಿಟ್ಟು ಒಂದು ಸಲ ಎಳೆದೆ. ಬೂದಿಯಂಥ ಪುಡಿ ನನ್ನ ಸೀರೆಯ ಮೇಲೆ ಬಿತ್ತು. ಸೇರವ್ವ ಬಗ್ಗಿ ಆ ಪುಡಿಯನ್ನು ಮೂಸಿತು. ನನ್ನ ಮುಖ ನೋಡಿತು. ಮೂತಿಯಿಂದ ನನ್ನ ಕೈಯನ್ನು ಕಲ್ಲಿನ ಕಡೆಗೆ ತಳ್ಳಿತು.

ಹತ್ತು ಸಲ ಎಳೆದೆ. ಹನ್ನೊಂದನೆಯದಕ್ಕೆ ಅದು ಬಳೆಗೆ ಬಾಯಿ ಹಾಕಿ ಕಲ್ಲನ್ನು ಕಿತ್ತುಕೊಂಡಿತು. ತನ್ನ ಕಾಲುವೆಯಲ್ಲಿ ಕೂರಿಸಿ ತನ್ನ ಕೆಲಸ ಶುರು ಮಾಡಿತು. ಮರುದಿನವೂ ಹತ್ತೇ. ಅದರ ಮರುದಿನವೂ. ಅದಕ್ಕಿಂತ ಹೆಚ್ಚು ಕೊಡುವುದಿಲ್ಲ, ಕಡಿಮೆಯಾದರೆ ಬಿಡುವುದಿಲ್ಲ.

ಅತ್ತೆ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಬಂದಿಳಿದಾಗ ನಾನು ಎಲ್ಲವನ್ನೂ ಹೇಳಿದೆ, ಪೆಟ್ಟಿಗೆ ತೆಗೆದದ್ದನ್ನೂ ಸೇರಿಸಿ. ಬೈಯಲಿಲ್ಲ. ಗೀಟು ಮತ್ತು ಚುಕ್ಕೆಯ ಮಾತು ಬಂದಾಗ ಒಳ್ಳೆಯ ಕಣ್ಣನ್ನೂ ಮುಚ್ಚಿಕೊಂಡಳು.

"ಗುರುತ ನಾ ಸಣ್ಣಾಕಿದ್ದಾಗ ನೋಡಿದ್ದೆ" ಎಂದಳು. "ಅಂಗಡಿ ಕೈಗೆ ಬಂದ ಮ್ಯಾಲ ಮಾರೂದಷ್ಟ ಬಿಟ್ಟೆ. ಅರ ಹಿಡಕೊಂಡು ಹೋಗೂದು ತಿಳೀಲಿಲ್ಲ ನನಗ. ದಿನಕ್ಕ ಎಷ್ಟ ಸಲ ಎಳೀತಿ?"

"ಹತ್ತು. ಹೆಚ್ಚಿಗಿ ಬಿಡಂಗಿಲ್ಲ ಅದು."

"ಹಂಗಾದ್ರ ಎಷ್ಟ ವರ್ಷ?"

"ಉದುರಿದ ಪುಡಿ ತೂಗಿ ನೋಡೇನಿ. ಒಂದ ದಿನಾನೂ ತಪ್ಪದಿದ್ರ ಇಪ್ಪತ್ತೊಂದು."

ಅತ್ತೆ ನನ್ನ ಕಡೆ ತಿರುಗಿದಳು. ಗಿರಾಕಿಗಳನ್ನು ಕೇಳುವ ಅದೇ ದನಿಯಲ್ಲಿ, "ನಿನಗೆಷ್ಟ ವಯಸ್ಸು?" ಎಂದಳು.

"ಇಪ್ಪತ್ತಾರು."

ಬೆರಳಲ್ಲಿ ಲೆಕ್ಕ ಹಾಕಿದಳು. ಆಮೇಲೆ ತಡವರಿಸುತ್ತಾ ಗಲ್ಲೆಯ ಕೆಳಗೆ ಕೈಹಾಕಿ, ಎಣ್ಣೆಕಾಗದ ಕೂಡ ಬಿಚ್ಚದ ಹೊಸ ಅರವೊಂದನ್ನು ತೆಗೆದು ನನ್ನ ಮುಂದಿಟ್ಟಳು.

"ಇದೂ ಇರಲಿ" ಎಂದಳು. "ಆ ಅರಾನೂ ಸವೀತೈತಿ."